ಸುಸನ್ನ ವೆಸ್ಲಿ ಅಮ್ಮನವರ ಚರಿತ್ರೆ

ಜಾನ್ ವೆಸ್ಲಿಯವರ ಹೆಸರನ್ನೂ ಅವರ ತಮ್ಮಂದಿರಾದ ಚಾರ್ಲ್ಸರ ಕೀರ್ತನೆಗಳನ್ನೂ ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆದರೆ ಆ ಇಬ್ಬರಿಗೂ ಮೊದಲ ಅಕ್ಷರವನ್ನು ಕಲಿಸಿದವರು ಅವರ ತಾಯಿಯೇ ಎಂಬುದನ್ನು ಬಲ್ಲವರು ಕಡಿಮೆ. ಹೊಲದಲ್ಲಿಯೂ ಒಲೆಯ ಮುಂದೆಯೂ ದಿನವೆಲ್ಲಾ ದುಡಿಯುವ ನಮ್ಮ ಸಭೆಗಳ ತಾಯಂದಿರು, ಮಕ್ಕಳಿಗೆ ದೇವರ ಮಾತನ್ನು ಕಲಿಸುವುದು ಉಪದೇಶಿಯವರ ಕೆಲಸವೆಂದೂ ಅದು ತಮ್ಮಿಂದಾಗದೆಂದೂ ಹೇಳುವುದುಂಟು. ಮುಖ್ಯವಾಗಿ ಅವರಿಗೋಸ್ಕರವೇ ಈ ಚರಿತ್ರೆಯನ್ನು ಬರೆಯುತ್ತೇವೆ.

ಸುಸನ್ನಮ್ಮನವರು 1669ನೆಯ ಇಸವಿ ಜನವರಿ 20ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯಾದ ಸಾಮ್ಯುಯೆಲ್ ಆನೆಸ್ಲಿಯವರು ಇಂಗ್ಲೆಂಡ್ ಸಭೆಯ ಹೊಸ ಕಟ್ಟಳೆಗೆ ಒಪ್ಪದೆ 1662ರಲ್ಲಿ ತಮ್ಮ ಗುರುಪದವಿಯನ್ನು ಕಳೆದುಕೊಂಡವರು. ಅವರ ಇಪ್ಪತ್ತೈದು ಮಕ್ಕಳಲ್ಲಿ ಈಕೆಯೇ ಕಡೆಯವರು. ಹದಿಮೂರು ವರುಷ ತುಂಬುವುದಕ್ಕೆ ಮುಂಚೆಯೇ ಎರಡು ಪಕ್ಷಗಳ ವಾದಗಳನ್ನೂ ತೂಗಿ ನೋಡಿ, ತಂದೆಯು ಬಿಟ್ಟುಬಂದ ಸಭೆಗೇ ಸೇರಿದರು. ಮಗಳು ಮನೆಯವರ ದಾರಿಯನ್ನು ಬಿಟ್ಟು ಬೇರೆ ದಾರಿಯನ್ನು ಹಿಡಿದರೆ ಏನಾಗುವುದೆಂದು ನಮ್ಮ ವಾಚಕರಿಗೆ ಹೇಳಬೇಕಾದದ್ದಿಲ್ಲ. ಆದರೂ ಆ ತಂದೆಯ ಪ್ರೀತಿಯು ಕುಗ್ಗಲಿಲ್ಲ.

1688ರಲ್ಲಿ ಅವರಿಗೆ ಸಾಮ್ಯುಯೆಲ್ ವೆಸ್ಲಿಯವರೊಂದಿಗೆ ಮದುವೆಯಾಯಿತು. ಮುಂದೆ ಗುರುಗಳಾದ ಈತನು ಪಂಡಿತನು, ದೇವಭಕ್ತನು. ಹಣದ ಲೆಕ್ಕವನ್ನು ಮಾತ್ರ ಅರಿಯದವನು. ಲಿಂಕನ್ ಸೀಮೆಯ ಎಪ್‌ವರ್ತ್ ಎಂಬ ಊರಿನಲ್ಲಿ ಅವರು ಸುಮಾರು ನಾಲ್ವತ್ತು ವರುಷ ಸಂಸಾರ ಮಾಡಿದರು. ಹುಟ್ಟಿದ ಮಕ್ಕಳು ಹತ್ತೊಂಬತ್ತು. ಅವುಗಳಲ್ಲಿ ಒಂಬತ್ತು ಶಿಶುಗಳಾಗಿರುವಾಗಲೇ ತೀರಿಹೋದವು. 1705ರಲ್ಲಿ ಸಾಲಗಾರರು ಗಂಡನನ್ನು ಲಿಂಕನ್ ಕೋಟೆಯ ಸೆರೆಮನೆಗೆ ಹಾಕಿಸಿದರು. ಮನೆಯಲ್ಲಿ ಕಾಸಿರಲಿಲ್ಲ, ಅಮ್ಮನವರು ತಮ್ಮ ಬೆರಳಿನ ಉಂಗುರಗಳನ್ನೇ ಅವರಿಗೆ ಕಳುಹಿಸಿದರು. ಅವರು ತೆಗೆದುಕೊಳ್ಳದೆ ಹಿಂದಕ್ಕೆ ಕಳುಹಿಸಿದರು. ಯಾರ್ಕಿನ ಆರ್ಚ್‌ಬಿಷಪ್ಪರು, ಎಂದಾದರೂ ರೊಟ್ಟಿಗೆ ಕೊರತೆಯಾದದ್ದುಂಟೇ ಎಂದು ವಿಚಾರಿಸಲು, ಕೊರತೆಯಾಗಲಿಲ್ಲವೆಂದೂ, ಆದರೆ ಅದನ್ನು ದೊರಕಿಸುವುದಕ್ಕೂ ಅದರ ಕ್ರಯವನ್ನು ತೀರಿಸುವುದಕ್ಕೂ ಪಟ್ಟ ಪಾಡಿನಿಂದ ತಿಂದ ರೊಟ್ಟಿಯು ರುಚಿಸಲಿಲ್ಲವೆಂದೂ ತಿಳಿಸಿದರು.

ಇಂಥ ಮನೆಯಲ್ಲಿ ಈ ತಾಯಿಯು ಪಾಠಶಾಲೆಯನ್ನು ನಡಿಸಿದರು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ವರೆಗೆ, ಮಧ್ಯಾಹ್ನ ಎರಡರಿಂದ ಐದರ ವರೆಗೆ ಪಾಠ. ಮಗುವಿಗೆ ಐದು ವರುಷ ತುಂಬಿದ ಮಾರನೆಯ ದಿನವೇ ಅಕ್ಷರಾಭ್ಯಾಸ. ಆ ಒಂದೇ ದಿನದಲ್ಲಿ ಎಲ್ಲಾ ಅಕ್ಷರಗಳನ್ನೂ ಕಲಿಯಬೇಕು. ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಒಂದೂವರೆ ದಿನ ಹಿಡಿಯಿತಂತೆ. ಮರುದಿನ ಆದಿಕಾಂಡದ ಮೊದಲನೆಯ ಅಧ್ಯಾಯವೇ ಓದುವ ಪಾಠ. ಹೆಣ್ಣುಮಗುವು ಚೆನ್ನಾಗಿ ಓದಲು ಕಲಿಯುವ ತನಕ ಅದಕ್ಕೆ ಹೊಲಿಗೆಯ ಕೆಲಸವನ್ನು ಕೊಡಬಾರದೆಂದು ಅವರು ನಿಯಮ ಮಾಡಿದ್ದರು. ಹೆಣ್ಣಿಗೆ ಓದೇಕೆಂದು ಕೇಳುವವರು ಆ ಕಾಲದ ಇಂಗ್ಲೆಂಡಿನಲ್ಲಿಯೂ ಬಹುಮಂದಿ ಇದ್ದರೆಂಬುದನ್ನು ನೆನೆಯಬೇಕು. ಅವರ ಶಿಕ್ಷೆಯು ಕಠಿನವಾಗಿತ್ತು. ಒಂದು ವರುಷದ ಮಗುವೂ ಬೆತ್ತಕ್ಕೆ ಹೆದರಿ ಮೆಲ್ಲಗೆ ಅಳುವುದನ್ನು ಕಲಿಯಬೇಕಾಗಿತ್ತು. ಇದನ್ನು ನಾವು ಮೆಚ್ಚಲಾರೆವು. ಆದರೆ ತಪ್ಪನ್ನು ತಾನಾಗಿ ಒಪ್ಪಿಕೊಂಡ ಮಗುವಿಗೆ ಏಟಿಲ್ಲವೆಂಬ ಅವರ ಮತ್ತೊಂದು ನಿಯಮವು ಬಹಳ ಒಳ್ಳೆಯದು.

1709ನೆಯ ಇಸವಿ ಫೆಬ್ರವರಿ 9ರ ರಾತ್ರಿ ಮನೆಗೆ ಬೆಂಕಿ ಹತ್ತಿತು. ಐದು ವರುಷದ ಜಾನನು ಮೇಲಿನ ಕೋಣೆಯಲ್ಲಿ ಸಿಕ್ಕಿಕೊಂಡನು. ಏಣಿ ತರಲು ಸಮಯವಿರಲಿಲ್ಲ. ಒಬ್ಬನ ಹೆಗಲ ಮೇಲೆ ಮತ್ತೊಬ್ಬನು ನಿಂತು ಅವನನ್ನು ಕಿಟಕಿಯಿಂದ ಇಳಿಸಿಕೊಂಡರು. ಒಡನೆಯೇ ಮಾಡು ಕುಸಿಯಿತು. ಮನೆಯನ್ನು ತಿರಿಗಿ ಕಟ್ಟುವ ತನಕ ಮಕ್ಕಳು ಅಲ್ಲಲ್ಲಿ ಹಂಚಿಹೋಗಿ, ಕಲಿತದ್ದನ್ನು ಮರೆತು, ಒರಟು ಮಾತುಗಳನ್ನು ಕಲಿತು ಬಂದರು. ತಾಯಿಯು ಮೊದಲಿನಿಂದ ತಿದ್ದಬೇಕಾಯಿತು.

ಮುಂದಿನ ಸಂಗತಿಯನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. 1706ರಲ್ಲಿ ಸೀಗೆನ್‌ಬಾಲ್ಗ್, ಪ್ಲೂಚೌ ಎಂಬ ಇಬ್ಬರು ಬೋಧಕರು ಡೆನ್ಮಾರ್ಕಿನ ಅರಸನ ಅಪ್ಪಣೆಯಿಂದ ತಮಿಳು ಸೀಮೆಯ ತರಂಗಂಬಾಡಿಗೆ ಬಂದು ಸುವಾರ್ತೆಯನ್ನು ಸಾರತೊಡಗಿದರು. ಅವರ ಕೆಲಸದ ವರದಿಯು ಇಂಗ್ಲೆಂಡಿನಲ್ಲಿ ಅಚ್ಚಾಗಿ, ಗಂಡನು ಲಂಡನಿಗೆ ಹೋಗಿದ್ದ ಕಾಲದಲ್ಲಿ ಹಿರಿಯ ಮಗಳಾದ ಎಮಿಲಿಯಳ ಕೈಗೆ ಸಿಕ್ಕಿತು. ಅದನ್ನು ಓದಿ ಕೇಳಿದ ಸುಸನ್ನಮ್ಮನವರ ಮನಸ್ಸು ಬಹು ದಿನ ಬೇರೆ ಯಾವುದರಲ್ಲಿಯೂ ನಿಲ್ಲಲಿಲ್ಲ. ತಾನು ಗಂಡಸಲ್ಲ, ಗುರುವಲ್ಲ. ಆದರೂ ತನ್ನ ಮನೆಯವರಿಗಾದರೂ ಹೆಚ್ಚನ್ನು ಮಾಡಬಹುದೆಂದು ನಿಶ್ಚಯಿಸಿಕೊಂಡರು. ಅಂದಿನಿಂದ ಪ್ರತಿ ಸಾಯಂಕಾಲ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಅದರ ಆತ್ಮದ ವಿಷಯವಾಗಿ ಮಾತಾಡತೊಡಗಿದರು. ಗುರುವಾರವು ಜಾನನದು, ಶನಿವಾರವು ಚಾರ್ಲ್ಸನದು. ಜಾನನು ದೊಡ್ಡವನಾಗಿ ಆಕ್ಸ್‌ಫರ್ಡಿನಲ್ಲಿದ್ದಾಗಲೂ ಆ ಗುರುವಾರದ ವೇಳೆಯಲ್ಲಿ ತಾಯಿಯು ತನ್ನನ್ನು ನೆನೆಯಬೇಕೆಂದು ಬೇಡಿಕೊಂಡನು. ಮುಂದೆ ಈ ಮಕ್ಕಳಿಂದ ಹುಟ್ಟಿದ ಸಂಘದ ಮಿಷನೆರಿಗಳೇ 1821ರಲ್ಲಿ ಬೆಂಗಳೂರಿಗೆ ಬಂದರು.

ಅದೇ ಚಳಿಗಾಲ, ಅಂದರೆ 1711–12ರಲ್ಲಿ, ಭಾನುವಾರ ಸಾಯಂಕಾಲ ಮನೆಯವರಿಗೆ ಅವರು ಓದುತ್ತಿದ್ದ ಪ್ರಸಂಗದ ವಿಷಯವನ್ನು ಆಳುಹುಡುಗನು ತನ್ನ ತಾಯಿತಂದೆಗಳಿಗೆ ಹೇಳಿದನು. ಅವರು ಬಂದರು, ಅವರ ಹಿಂದೆ ನೆರೆಯವರು ಬಂದರು, ಕಡೆಗೆ ಇನ್ನೂರು ಮಂದಿ ಕೂಡಿ ನಿಲ್ಲಲು ಸ್ಥಳವಿಲ್ಲದಾಯಿತು. ಸಹಾಯಕ ಗುರುವು ಇದನ್ನು ದೂರಿ ಲಂಡನಿಗೆ ಬರೆದನು. ಗಂಡನು, ಬೇರೆ ಗಂಡಸರಿಂದ ಓದಿಸಬಾರದೇ ಎಂದು ಕೇಳಲು, ಅಕ್ಷರ ಕೂಡಿಸದೆ ಒಂದು ಪ್ರಸಂಗವನ್ನು ಓದಬಲ್ಲವನು ಅವರಲ್ಲಿ ಒಬ್ಬನೂ ಇಲ್ಲವೆಂದು ಉತ್ತರ ಕೊಟ್ಟರು. ಕೂಟವನ್ನು ನಿಲ್ಲಿಸಬೇಕಾದರೆ ಸ್ಪಷ್ಟವಾದ ಅಪ್ಪಣೆಯನ್ನೇ ಕೊಡಬೇಕೆಂದೂ, ಹಾಗಾದರೆ ನ್ಯಾಯತೀರ್ಪಿನ ದಿನದಲ್ಲಿ ತಾನು ಹೊಣೆಯಾಗುವುದಿಲ್ಲವೆಂದೂ ಬರೆದರು. ಅಪ್ಪಣೆ ಬರಲಿಲ್ಲ.

1735ರಲ್ಲಿ ಗಂಡನು ತೀರಿಕೊಂಡ ಮೇಲೆ ಅವರಿಗೆ ಸ್ವಂತ ಮನೆಯಿರಲಿಲ್ಲ. ಅಷ್ಟು ಜಾಗ್ರತೆಯಿಂದ ಬೆಳೆಸಿದ ಹೆಣ್ಣುಮಕ್ಕಳಲ್ಲಿ ಹಲವರ ಸಂಸಾರಗಳು ದುಃಖದಲ್ಲಿ ಕಳೆದವು. ಒಳ್ಳೆಯ ತಾಯಿಗೆ ಈ ನೋವು ಬರುವುದಿಲ್ಲವೆಂದು ಯಾರೂ ತಿಳಿಯಬಾರದು. ಮಕ್ಕಳ ಮನೆಗಳಲ್ಲಿದ್ದು, ಕಡೆಗೆ ಲಂಡನಿನಲ್ಲಿ ಜಾನರು ಕೂಟಗಳನ್ನು ನಡಿಸುತ್ತಿದ್ದ ಫೌಂಡ್ರಿ ಎಂಬ ಕಟ್ಟಡದಲ್ಲಿ ನೆಲೆಸಿದರು. ಅಲ್ಲಿಯೂ ಅವರು ಉಪಾಧ್ಯಾಯಿನಿಯೇ. ಗುರುಪಟ್ಟವಿಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡನು ಪ್ರಸಂಗ ಮಾಡಿದನೆಂದು ಜಾನರು ಕೋಪಗೊಂಡು ಬಂದಾಗ, ಮೊದಲು ಅವನ ಮಾತನ್ನು ಕೇಳಿ, ಅದರ ಫಲವನ್ನು ನೋಡಿ, ಆಮೇಲೆ ತೀರ್ಮಾನಿಸಬೇಕೆಂದು ಅಮ್ಮನವರು ಬುದ್ಧಿ ಹೇಳಿದರು. ಮಗನು ಕೇಳಿ ಒಪ್ಪಿದನು. ಇಂದು ನಮ್ಮ ಹಳ್ಳಿಗಳಲ್ಲಿ ಗುರುಪಟ್ಟವಿಲ್ಲದೆ ಬೋಧಿಸುವವರು ಈ ಮಾತಿಗೆ ಋಣಿಗಳು.

1742ನೆಯ ಇಸವಿ ಜುಲೈ ತಿಂಗಳಲ್ಲಿ, ಎಪ್ಪತ್ತಮೂರು ವರುಷದವರಾಗಿ, ಅವರು ಮರಣ ಹೊಂದಿದರು. ತನ್ನ ಪ್ರಾಣವು ಬಿಡುಗಡೆಯಾದ ಕೂಡಲೆ ದೇವರಿಗೆ ಸ್ತೋತ್ರದ ಕೀರ್ತನೆಯನ್ನು ಹಾಡಬೇಕೆಂದು ಮಕ್ಕಳಿಗೆ ಹೇಳಿದ್ದರು. ಜಾನರೂ ಹೆಣ್ಣುಮಕ್ಕಳೂ ಹಾಸಿಗೆಯ ಸುತ್ತಲೂ ನಿಂತು ಹಾಗೆಯೇ ಹಾಡಿದರು.