ನೇಗಿಲು ಹಿಡಿದ ನಾಸ್ತಿಕರು ಮತ್ತು ರಬ್ಬಿ ಕೂಕ್

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಷ್ಯಾದಿಂದ ಪ್ಯಾಲೆಸ್ಟೈನಿಗೆ ಬಂದಿಳಿದ ಯಹೂದಿ ತರುಣರಲ್ಲಿ ಅನೇಕರು ಸಮಾಜವಾದಿಗಳಾಗಿದ್ದರು. ಸಬ್ಬತ್ ದಿನದ ವಿಶ್ರಾಂತಿಯಾಗಲಿ, ಆಹಾರದ ವಿಧಿನಿಷೇಧಗಳಾಗಲಿ ಅವರಿಗೆ ಲೆಕ್ಕಕ್ಕಿರಲಿಲ್ಲ. ಇತ್ತ ಜೆರುಸಲೇಮಿನಲ್ಲಿ, ಹೊರದೇಶಗಳ ಧರ್ಮನಿಧಿಯನ್ನೇ ನೆಚ್ಚಿಕೊಂಡು ಶಾಸ್ತ್ರಾಧ್ಯಯನದಲ್ಲಿ ನಿರತರಾಗಿದ್ದ ಸಂಪ್ರದಾಯಸ್ಥರ ದೃಷ್ಟಿಯಲ್ಲಿ ಇವರು ಪವಿತ್ರ ಭೂಮಿಯನ್ನು ಮೈಲಿಗೆ ಮಾಡಲು ಬಂದ ಧರ್ಮಭ್ರಷ್ಟರು. ಈ ಎರಡು ಪಾಳೆಯಗಳ ನಡುವೆ ನಿಂತು ಇಬ್ಬರಿಂದಲೂ ಪೆಟ್ಟು ತಿಂದವರು ರಬ್ಬಿ ಅಬ್ರಹಾಂ ಐಸಾಕ್ ಕೂಕ್.

ಇಂದಿನ ಲಾಟ್ವಿಯಾಕ್ಕೆ ಸೇರಿದ ಗ್ರೀವಾ ಎಂಬ ಊರಿನಲ್ಲಿ 1865ರಲ್ಲಿ ಜನಿಸಿದ ಕೂಕ್, ಪ್ರಸಿದ್ಧ ವೊಲೊಜಿನ್ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿ, ಎರಡು ಚಿಕ್ಕ ಊರುಗಳಲ್ಲಿ ಧರ್ಮಗುರುವಾಗಿದ್ದು, 1904ರಲ್ಲಿ ಜಾಫಾ ಮತ್ತು ಅದರ ಸುತ್ತಲಿನ ಕೃಷಿ ವಸಾಹತುಗಳ ರಬ್ಬಿಯಾಗಿ ಬಂದರು. ಅದೇ ವರ್ಷ ತೀರಿಕೊಂಡ ಜಿಯೋನಿಸ್ಟ್ ನಾಯಕ ಹರ್ಜ್ಲ್ ಆಚಾರವಂತರಲ್ಲ. ಆದರೂ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಕೂಕ್ ಮಾತನಾಡಿದರು. ಆಕ್ಷೇಪಗಳು ಅಲ್ಲಿಂದಲೇ ಆರಂಭವಾದವು.

ನಿಜವಾದ ಪರೀಕ್ಷೆ ಎದುರಾದದ್ದು 1909–10ರಲ್ಲಿ. ಪ್ರತಿ ಏಳನೆಯ ವರ್ಷ ಭೂಮಿಯನ್ನು ಬೀಳು ಬಿಡಬೇಕೆಂಬುದು ಬೈಬಲಿನ ಆಜ್ಞೆ. ಆ ವರ್ಷಕ್ಕೆ ಶ್ಮಿಟಾ ಎಂದು ಹೆಸರು. ಸಾಲದ ಮೇಲೂ ದಾನದ ಮೇಲೂ ನಿಂತಿದ್ದ ವಸಾಹತುಗಳು ಒಂದು ವರ್ಷದ ಕಿತ್ತಳೆ, ದ್ರಾಕ್ಷಿ ಫಸಲನ್ನು ಕಳೆದುಕೊಂಡರೆ ಆ ವರ್ಷದ ಆದಾಯವಷ್ಟೇ ಹೋಗುವುದಿಲ್ಲ, ಕಷ್ಟಪಟ್ಟು ಗಳಿಸಿದ ಮಾರುಕಟ್ಟೆಯೂ ಕೈತಪ್ಪುತ್ತದೆ. ಅರ್ಥಶಾಸ್ತ್ರ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಒಬ್ಬ ಅನುಭಾವಿ ಧರ್ಮಗುರು ಇದನ್ನು ಗ್ರಹಿಸಿದ್ದು ವಿಶೇಷ. 1889ರಲ್ಲಿಯೇ ಕೆಲವು ರಬ್ಬಿಗಳು ಒಂದು ದಾರಿ ತೋರಿದ್ದರು: ಭೂಮಿಯನ್ನು ಯಹೂದಿಯಲ್ಲದವರಿಗೆ ತಾತ್ಕಾಲಿಕವಾಗಿ ಕ್ರಯ ಮಾಡಿಕೊಟ್ಟರೆ ಸಾಗುವಳಿ ಮುಂದುವರಿಸಬಹುದು. ಕೂಕ್ ಒಂದು ಗ್ರಂಥವನ್ನೇ ಬರೆದು ಈ ವ್ಯವಸ್ಥೆಗೆ ಶಾಸ್ತ್ರಾಧಾರ ಒದಗಿಸಿದರು. ಸಫೇದಿನ ಹಿರಿಯ ವಿದ್ವಾಂಸ ರಬ್ಬಿ ವಿಲೋವ್ಸ್ಕಿ ಇದನ್ನು ಉಗ್ರವಾಗಿ ವಿರೋಧಿಸಿದರು. ಕಾಗದದ ಮೇಲಿನ ಕ್ರಯ ಎಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಕಡತಗಳ ನಡುವೆ ಬಾಳಿದವರಿಗೆ ಗೊತ್ತು, ಎಷ್ಟೋ ಸಂಸಾರಗಳು ಉಳಿದಿರುವುದು ಅಂಥ ಕಾಗದಗಳಿಂದಲೇ. ವಿಧಿಯನ್ನು ಪೂರ್ಣವಾಗಿ ಪಾಲಿಸಬಯಸಿದ ರೈತರನ್ನು ಮಾತ್ರ ಕೂಕ್ ತಡೆಯಲಿಲ್ಲ. ಅವರ ಬೆಂಬಲಕ್ಕೂ ನಿಂತರು.

ಅವರ ನಿಲುವು ಕೇವಲ ಔದಾರ್ಯದ್ದಾಗಿರಲಿಲ್ಲ. ಆಚಾರ ತೊರೆದ ಯುವಜನರು ಕಾಲದ ಪ್ರವಾಹಕ್ಕೆ ಸಿಕ್ಕಿದವರು; ಬಲಾತ್ಕಾರಕ್ಕೆ ಒಳಗಾದವರನ್ನು ಶಾಸ್ತ್ರ ದೂಷಿಸುವುದಿಲ್ಲವಾದ್ದರಿಂದ ಇವರನ್ನೂ ಹೊರಗಿಡುವಂತಿಲ್ಲ ಎಂಬುದು ಅವರ ವಾದ. ಇನ್ನೂ ಮುಂದೆ ಹೋಗಿ, ತಮಗೇ ಅರಿವಿಲ್ಲದೆ ಅವರು ದೈವೋದ್ದೇಶವೊಂದನ್ನು ನೆರವೇರಿಸುತ್ತಿದ್ದಾರೆ ಎಂದೂ ನಂಬಿದ್ದರು. (ಹೀಗೆ ಹೇಳಿಸಿಕೊಳ್ಳುವುದು ಆ ನಾಸ್ತಿಕರಿಗೆ ಎಷ್ಟು ಹಿತವಾಗಿತ್ತೋ!) 1913ರಲ್ಲಿ ಇತರ ರಬ್ಬಿಗಳೊಡನೆ ಗಲಿಲಾಯದ ವಸಾಹತುಗಳನ್ನು ಸಂದರ್ಶಿಸಿದಾಗ, ಪೋರಿಯಾದಲ್ಲಿ ಕಾವಲುಗಾರನೊಬ್ಬನೊಡನೆ ಉಡುಪು ಬದಲಿಸಿಕೊಂಡು ಕುಣಿದರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ.

ಹಾಗೆಂದು ಅವರನ್ನು ಆಧುನಿಕ ಉದಾರವಾದಿ ಎನ್ನಲಾಗದು. ಸಬ್ಬತ್ ಉಲ್ಲಂಘನೆಯನ್ನು ಅವರು ಎಂದೂ ಸಮ್ಮತಿಸಲಿಲ್ಲ. 1920ರ ವೇಳೆಗೆ ಯಹೂದಿ ಪ್ರತಿನಿಧಿ ಸಭೆಯ ಚುನಾವಣೆ ನಡೆದಾಗ ಸ್ತ್ರೀಯರ ಮತದಾನವನ್ನು ವಿರೋಧಿಸಿದರು. ಆ ವಿಷಯದಲ್ಲಿ ಹೊಸಬರು ಅವರ ಮಾತನ್ನು ಕೇಳಲಿಲ್ಲ ಎಂಬುದು ಒಳ್ಳೆಯದೇ ಆಯಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಯೂರೋಪಿನಲ್ಲಿ ಸಿಕ್ಕಿಬಿದ್ದು, 1919ರಲ್ಲಿ ಹಿಂತಿರುಗಿದ ಅವರು 1921ರಲ್ಲಿ ಪ್ರಥಮ ಅಶ್ಕೆನಾಜಿ ಮುಖ್ಯ ರಬ್ಬಿಯಾದರು. ಆ ವೇಳೆಗಾಗಲೇ ‘ಓರೋತ್’ ಎಂಬ ಅವರ ಕೃತಿ ಕೋಲಾಹಲವೆಬ್ಬಿಸಿತ್ತು. ಯುವಜನರ ಅಂಗಸಾಧನೆಗೂ ಕೀರ್ತನೆಗಳ ಪಠಣಕ್ಕಿರುವಂಥ ಮಹತ್ವವುಂಟೆಂಬ ಅಲ್ಲಿನ ಮಾತು ಸಂಪ್ರದಾಯಸ್ಥರನ್ನು ಕೆರಳಿಸಿತು. ಜೆರುಸಲೇಮಿನ ಗೋಡೆಗಳ ಮೇಲೆ ಅವರ ವಿರುದ್ಧ ಭಿತ್ತಿಪತ್ರಗಳು ಕಾಣಿಸಿಕೊಂಡವು.

ಎಡಪಂಥೀಯರ ಸರದಿ ಅನಂತರ ಬಂತು. ಕಾರ್ಮಿಕ ಪಕ್ಷದ ಮುಂದಾಳು ಅರ್ಲೊಸೊರೊಫ್ 1933ರಲ್ಲಿ ಕೊಲೆಯಾದರು. ಆರೋಪಿ ಸ್ಟಾವ್ಸ್ಕಿ ಎದುರು ಪಕ್ಷದವನು. ಆತ ನಿರಪರಾಧಿಯೆಂದು ಕೂಕ್ ಬಹಿರಂಗವಾಗಿ ಸಾರಿದರು. ತಾವು ಇಷ್ಟು ಕಾಲ ಎತ್ತಿಹಿಡಿದಿದ್ದ ಕಾರ್ಮಿಕರೇ ಅವರನ್ನು ನಿಂದಿಸತೊಡಗಿದರು. 1934ರ ಮೇಲ್ಮನವಿಯಲ್ಲಿ ಸ್ಟಾವ್ಸ್ಕಿ ಬಿಡುಗಡೆಯಾದ. ಮರುವರ್ಷದ ಸೆಪ್ಟೆಂಬರ್ 1ರಂದು ಕೂಕ್ ಜೆರುಸಲೇಮಿನಲ್ಲಿ ನಿಧನರಾದರು.

ಅವರ ಮಗ ಜ್ವಿ ಯೆಹೂದಾ ತಂದೆಯ ವಿಚಾರಗಳನ್ನು 1967ರ ಬಳಿಕ ಆಕ್ರಮಿತ ಪ್ರದೇಶಗಳ ವಸತಿ ಚಳವಳಿಗೆ ಪ್ರೇರಣೆಯಾಗಿಸಿದ್ದು ಬೇರೆಯೇ ಕಥೆ. ಭೂಮಿಯ ಕ್ರಯದ ವಿವಾದವಂತೂ ಮುಗಿದಿಲ್ಲ. ಕೆಲವು ಸ್ಥಳೀಯ ರಬ್ಬಿಗಳು ಅದನ್ನು ಮಾನ್ಯ ಮಾಡಲು ಒಪ್ಪದಿದ್ದಾಗ 2007ರಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವೇ ಮಧ್ಯೆ ಪ್ರವೇಶಿಸಬೇಕಾಯಿತು. ಮುಂದಿನ ಶ್ಮಿಟಾ 2028ರ ಶರತ್ಕಾಲದಲ್ಲಿ ಆರಂಭವಾಗುತ್ತದೆ.