ಬೆನ್ನ ಮೇಲೆ ರೋಗಿಯನ್ನು ಹೊತ್ತು ತಂದ ತಾಯಿ ಸಾವಿತ್ರಿಬಾಯಿ ಫುಲೆ



ವರ್ಷ ವರ್ಷ ಜನವರಿ 3ಕ್ಕೆ ನಾವು ಸಾವಿತ್ರಿಬಾಯಿ ಫುಲೆಯವರ ಫೋಟೋಕ್ಕೆ ಹಾರ ಹಾಕುತ್ತೇವೆ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ತಾಯಿ ಅಂತ ಭಾಷಣ ಮಾಡುತ್ತೇವೆ. ಆದರೆ ಆ ತಾಯಿ ಹೇಗೆ ತೀರಿಕೊಂಡರು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ಡಿಗ್ರಿಗೆ ಬರುವ ತನಕ ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ಮನೆ ಇರೋಕೆ ಆಗಲಿಲ್ಲ. ಅದಕ್ಕೇ ಈ ಲೇಖನ.

ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಸಾತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ, ಮಾಳಿ ಜಾತಿಯ ಒಕ್ಕಲು ಮನೆಯಲ್ಲಿ. ಒಂಬತ್ತು ವರ್ಷಕ್ಕೇ ಜ್ಯೋತಿರಾವ್ ಫುಲೆಯವರ ಜೊತೆ ಮದುವೆ ಆಯಿತು. ಆಗ ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಗಂಡನೇ ಗುರುವಾಗಿ ಓದು ಬರಹ ಕಲಿಸಿದರು. 1848ರಲ್ಲಿ ಪುಣೆಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದಾಗ ಅವರಿಗೆ ಹದಿನೇಳು ವರ್ಷ. ಶಾಲೆಗೆ ಹೋಗುವ ದಾರಿಯಲ್ಲಿ ಮೇಲ್ಜಾತಿಯವರು ಸಗಣಿ, ಕೆಸರು ಎರಚುತ್ತಿದ್ದರು. ಅದಕ್ಕೆ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡೇ ಹೋಗುತ್ತಿದ್ದರಂತೆ. ಮಾವನ ಮನೆಯಿಂದ ಹೊರಬಿದ್ದಾಗ ಗಂಡ ಹೆಂಡತಿಗೆ ಜಾಗ ಕೊಟ್ಟವರು ಉಸ್ಮಾನ್ ಶೇಖ್. ಜೊತೆಯಾಗಿ ಪಾಠ ಹೇಳಿದವರು ಫಾತಿಮಾ ಶೇಖ್. ಇದಷ್ಟು ನಿಮಗೆ ಗೊತ್ತಿರುವ ಕಥೆ. ಮುಂದಿನದು ಕೇಳಿ.

1868ರಲ್ಲಿ ಫುಲೆ ದಂಪತಿ ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ಬಿಟ್ಟುಕೊಟ್ಟರು. ಮೋಸ ಹೋಗಿ ಬಸುರಾದ ವಿಧವೆಯರು ಸಾಯಬಾರದು, ಹುಟ್ಟಿದ ಕೂಸನ್ನು ಸಾಯಿಸಬಾರದು ಅಂತ ಅವರ ಹೆರಿಗೆಗೆ ಮನೆಯಲ್ಲೇ ಆಸರೆ ಕೊಟ್ಟರು. ತಮಗೆ ಮಕ್ಕಳಿರಲಿಲ್ಲ. ಅಂಥ ಒಬ್ಬ ಬ್ರಾಹ್ಮಣ ವಿಧವೆ ಹೆತ್ತ ಮಗುವನ್ನೇ ದತ್ತು ತಗೊಂಡು ಯಶವಂತ ಅಂತ ಹೆಸರಿಟ್ಟು ಸಾಕಿದರು. ಡಾಕ್ಟರ್ ಓದಿಸಿದರು. ಈ ಯಶವಂತನ ಹೆಸರು ನೆನಪಿಟ್ಟುಕೊಳ್ಳಿ.

1876ರಿಂದ ಬಿದ್ದ ಬರ ನಮ್ಮ ಕಡೆ ಹಿರಿಯರ ಬಾಯಲ್ಲಿ ಧಾತು ಬರ. ಆಗ ನಮ್ಮ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಲ್ಲಿ ಹೊಟ್ಟೆಗಿಲ್ಲದೆ ಜನ ಸತ್ತಂತೆ ಆ ಕಡೆ ಪುಣೆ ಸೀಮೆಯಲ್ಲೂ ಸತ್ತರು. ಫುಲೆ ದಂಪತಿ ಮತ್ತು ಸತ್ಯಶೋಧಕ ಸಮಾಜದವರು ಅನ್ನಛತ್ರ ನಡೆಸಿ ಮಕ್ಕಳಿಗೆ ಊಟ ಹಾಕಿದರು. 1890ರ ನವೆಂಬರ್ 28ರಂದು ಜ್ಯೋತಿಬಾ ತೀರಿಕೊಂಡರು. ಹೆಂಗಸರು ಸುಡುಗಾಡಿಗೆ ಬರಬಾರದು ಅನ್ನುವ ಕಾಲದಲ್ಲಿ ಬೆಂಕಿ ಗಡಿಗೆಯನ್ನು ತಾವೇ ಹಿಡಿದು ಮುಂದೆ ನಡೆದವರು ಸಾವಿತ್ರಿಬಾಯಿ. ಆಮೇಲೆ ಸಮಾಜದ ಕೆಲಸವನ್ನೂ ತಾವೇ ಹೊತ್ತರು.

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಅಲ್ಲಿಂದ ಪುಣೆಗೆ, ಮುಂದೆ ರೈಲಿನ ಗುಂಟ ಹುಬ್ಬಳ್ಳಿಗೆ, 1898ಕ್ಕೆ ಬೆಂಗಳೂರಿಗೆ. ಪ್ಲೇಗ್ ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯರಿಗೆ ಬರುತ್ತದೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆ. ಪುಪ್ಪುಸಕ್ಕೆ ಇಳಿದರೆ ಕೆಮ್ಮಿನಿಂದಲೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಆದರೆ 1897ರ ಮಾರ್ಚಿನಲ್ಲಿ ಚಿಗಟದ ವಿಷಯ ಯಾರಿಗೂ ಗೊತ್ತಿರಲಿಲ್ಲ, ವಾಸಿ ಮಾಡುವ ಔಷಧಿಯೂ ಇರಲಿಲ್ಲ. ಹಾಫ್ಕಿನ್ ಎಂಬ ವಿಜ್ಞಾನಿ ಬೊಂಬಾಯಿಯಲ್ಲಿ ಆಗಷ್ಟೇ ಲಸಿಕೆ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡಿದ್ದ. ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂತು. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ. ರೋಗಕ್ಕಿಂತ ಜನ ಸಿಪಾಯಿಗೇ ಹೆದರಿದರು. 2020ರಲ್ಲಿ ಕೊರೊನಾಕ್ಕೆ ಉಪಯೋಗಿಸಿದ್ದೂ ಇದೇ ಕಾಯ್ದೆ.

ಅಂಥ ದಿನಗಳಲ್ಲಿ ಸಾವಿತ್ರಿಬಾಯಿ ಮಿಲಿಟರಿಯಲ್ಲಿ ಡಾಕ್ಟರ್ ಆಗಿದ್ದ ಮಗನನ್ನು ಕರೆಸಿಕೊಂಡರು. ಪುಣೆಯ ಹೊರಗೆ, ಹಡಪ್ಸರ್ ಹತ್ತಿರ, ಸಾಸನೆಯವರ ತೋಟದಲ್ಲಿ ತಾಯಿ ಮಗ ಸೇರಿ ದವಾಖಾನೆ ತೆರೆದರು. ಊರ ಇಕ್ಕಟ್ಟಿನಿಂದ ದೂರ, ಬಯಲು ಗಾಳಿಯಲ್ಲಿ. ಯಾವ ಜಾತಿ ಅಂತ ಕೇಳಲಿಲ್ಲ. ಮಗ ನಾಡಿ ನೋಡಿದರೆ ತಾಯಿ ರೋಗಿಗಳನ್ನು ಹುಡುಕಿಕೊಂಡು ಹೋದರು. ಅವರಿಗೆ ಆಗ ಅರವತ್ತಾರು ವರ್ಷ.

ಮುಂಢ್ವಾ ಎಂಬ ಊರಿನ ಮಹಾರರ ಕೇರಿಯಲ್ಲಿ ಪಾಂಡುರಂಗ ಬಾಬಾಜಿ ಗಾಯಕವಾಡ ಎಂಬ ಹುಡುಗನಿಗೆ ಪ್ಲೇಗ್ ಬಂದಿದೆ ಅಂತ ತಿಳಿಯಿತು. ಅಲ್ಲಿಗೆ ಹೋದ ಸಾವಿತ್ರಿಬಾಯಿ ಆ ಹುಡುಗನನ್ನು ತಮ್ಮ ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಮುಟ್ಟಿಸಿಕೊಳ್ಳಬಾರದ ಕೇರಿಯ ಮಗು, ಮುಟ್ಟಬಾರದ ರೋಗ. ಎರಡನ್ನೂ ಮುಟ್ಟಿದರು. ಅವರಿಗೂ ಪ್ಲೇಗ್ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು. ಡಾಕ್ಟರ್ ಯಶವಂತ ಕೂಡ 1905ರಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಲೇ ಸತ್ತರು.

ಓದುಗರೇ, ಪುಣೆ ಅಂದರೆ ಬಹಳ ದೂರ ಅಂತ ಅನ್ನಬೇಡಿ. ನಮ್ಮ ಆದೋನಿ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ರಾಯಚೂರು, ವಾಡಿ, ಸೊಲ್ಲಾಪುರ, ದೌಂಡ್ ದಾಟಿದ ಮೇಲೆ ಪುಣೆಗೆ ಸ್ವಲ್ಪ ಮುಂಚೆ ಸಿಗುವುದೇ ಹಡಪ್ಸರ್. ಕೂಲಿಗೆ ಬೊಂಬಾಯಿಗೆ ಹೋಗುವ ನಮ್ಮವರು ಆ ನೆಲದ ಮೇಲೇ ಹೋಗುತ್ತಾರೆ, ಗೊತ್ತಿಲ್ಲದೆ.

ಈಗ ನನ್ನ ತಪ್ಪು ಒಂದನ್ನು ಹೇಳುತ್ತೇನೆ. 2021ರ ಬೇಸಿಗೆಯಲ್ಲಿ, ಕೊರೊನಾ ಎರಡನೇ ಸಲ ಬಂದಾಗ, ನಮ್ಮ ಓಣಿಯ ಒಬ್ಬ ಅಜ್ಜ ಐದು ದಿನ ಕೆಮ್ಮಿದರು. ಮಕ್ಕಳು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸೋಕೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ನಮ್ಮವ್ವ ಒಬ್ಬಳೇ ಮೂಗಿಗೆ ಸೆರಗು ಕಟ್ಟಿಕೊಂಡು ಹೊಸ್ತಿಲಲ್ಲಿ ಗಂಜಿ ಇಟ್ಟು ಬರುತ್ತಿದ್ದಳು. ನಾವು ಹುಡುಗರೆಲ್ಲ ಫೋನ್ ನೋಡುತ್ತಾ ಕೂತೆವು. ಆರನೇ ದಿನ ಗಂಜಿ ಹಾಗೇ ಇತ್ತು. ಹೊತ್ತುಕೊಂಡು ಹೋಗುವ ಬೆನ್ನು ನಮ್ಮದೂ ಇತ್ತಲ್ಲ ಅಂತ ಈಗ ಅನಿಸುತ್ತದೆ.

ಸಾವಿತ್ರಿಬಾಯಿಗೆ ಇಲ್ಲದ ಅನುಕೂಲ ನಮಗಿದೆ. ಮಾಸ್ಕ್ ಇದೆ, ಲಸಿಕೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಓಪಿ ಇದೆ, 108 ಇದೆ. ಫ್ಲೂ ಆಗಲಿ ಕೊರೊನಾ ಆಗಲಿ ಬಂದ ಹೆಚ್ಚಿನವರು ಮನೆಯಲ್ಲೇ ಇದ್ದು ವಾಸಿಯಾಗುತ್ತಾರೆ. ಬೇಕಾದದ್ದು ಕಿಟಕಿ ತೆರೆದ ಕೋಣೆ, ನೀರು, ಗಂಜಿ, ಜ್ವರಕ್ಕೆ ಪ್ಯಾರಾಸಿಟಮಾಲ್. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ, ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ, ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮುದುಕರು, ಬಸುರಿಯರು, ಚಿಕ್ಕ ಕೂಸುಗಳು, ಸಕ್ಕರೆ ಕಾಯಿಲೆಯವರಿದ್ದರೆ ಮೊದಲೇ ತೋರಿಸಬೇಕು. ಎರಡು ವಾರ ಬಿಡದ ಕೆಮ್ಮಿದ್ದರೆ ಟಿಬಿಗೆ ಕಫ ಪರೀಕ್ಷೆ ಮಾಡಿಸಬೇಕು, ಅದು ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ.

ಅದಕ್ಕೆ ನನ್ನದೊಂದು ಬೇಡಿಕೆ. ಈ ವಾರ್ಷಿಕೋತ್ಸವದಿಂದ ನಮ್ಮ ಸಂಘದಲ್ಲಿ ಒಂದು ನೋಟ್‌ಬುಕ್ ಇಡೋಣ. ಒಂಟಿಯಾಗಿರುವ ಹಿರಿಯರು ಯಾರು, ಯಾರ ಮಕ್ಕಳು ಸುಗ್ಗಿಗೆ ಹೋಗಿದ್ದಾರೆ, ಜ್ವರ ಯಾರಿಗೆ ಎಷ್ಟು ದಿನದಿಂದ ಇದೆ ಅಂತ ಬರೆಯೋಣ. ಆಶಾ ಅಕ್ಕನಿಗೂ ಸಚಿವಾಲಯದ ನರ್ಸಮ್ಮನಿಗೂ ಅದನ್ನು ತೋರಿಸೋಣ. ಚಂದಾ ಹಾಕಿ ಒಂದು ಆಕ್ಸಿಮೀಟರ್, ಒಂದು ಥರ್ಮಾಮೀಟರ್ ತರೋಣ. ಓಪಿ ಚೀಟಿ ಬರೆಸೋಕೆ, ಸಾಲಿನಲ್ಲಿ ನಿಲ್ಲೋಕೆ ಓದು ಬಾರದ ಹಿರಿಯರ ಜೊತೆ ಪಾಳಿ ಪ್ರಕಾರ ಇಬ್ಬರು ಹುಡುಗರು ಹೋಗೋಣ. ಇದಕ್ಕೆ ದೊಡ್ಡ ದುಡ್ಡು ಬೇಡ, ಮನಸ್ಸು ಬೇಕು.

ಬರುವ ಜನವರಿ 3ಕ್ಕೆ ಹಾರ ಹಾಕುವಾಗ ಆ ನೋಟ್‌ಬುಕ್ಕನ್ನೂ ತಾಯಿಯ ಫೋಟೋ ಮುಂದೆ ಇಡೋಣ. ಅದರ ಮೊದಲ ಪಾಳಿಗೆ ನನ್ನ ಹೆಸರು ಬರೆದುಕೊಳ್ಳಿ.

ಜೈ ಸಾವಿತ್ರಿ, ಜೈಭೀಮ್.