ಸಿಸ್ಟರ್ ಸೆಲೀನ್‌ಗೆ ಸಿಗದ ಪುರುಸೊತ್ತು

ಹೊಸಪೇಟೆ ಕಡೆ ಕಾನ್ವೆಂಟಿನಲ್ಲಿ ಓದಿದವರಿಗೆ ಸಿಸ್ಟರ್ ಅಂದ್ರೆ ಮಗ್ಗಿ ಬಾಯಿಪಾಠ ಮಾಡಿಸಿದವರು, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿದವರು. ಅವರೂ ಹೊಸ ಗಣಿತ ಹುಟ್ಟಿಸಬಲ್ಲರು ಅನ್ನೋದು ನಮ್ಮ ತಲೆಗೇ ಬರೋದಿಲ್ಲ. ಅಮೆರಿಕದ ಸಿಸ್ಟರ್ ಮೇರಿ ಸೆಲೀನ್ ಫಾಸೆನ್‌ಮೈಯರ್ ಅದನ್ನು ಮಾಡಿದ್ದರು.

1906ರಲ್ಲಿ ಪೆನ್ಸಿಲ್ವೇನಿಯಾದ ಕ್ರೌನ್ ಎಂಬ ಊರಲ್ಲಿ ಹುಟ್ಟಿದರು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ಹೈಸ್ಕೂಲು ಮುಗಿದ ಮೇಲೆ ಹತ್ತು ವರ್ಷ ಶಾಲೆಯಲ್ಲಿ ಪಾಠ. 1933ರಲ್ಲಿ ಮರ್ಸಿಹರ್ಸ್ಟ್ ಕಾಲೇಜಿನ ಪದವಿ ಪಡೆದು, ಸಿಸ್ಟರ್ಸ್ ಆಫ್ ಮರ್ಸಿ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘ ಸೇರಿದರು. ಸಂಘವೇ ಅವರನ್ನು ಪಿಟ್ಸ್‌ಬರ್ಗ್‌ಗೆ, ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಓದಲು ಕಳಿಸಿತು. 1946ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಪಿಎಚ್‌ಡಿ.

ಇಂಜಿನಿಯರಿಂಗ್ ಓದುವಾಗ ಬೈನಾಮಿಯಲ್ ಮೊತ್ತಗಳಿಗೆ ನಾನು ಒಂದೊಂದಕ್ಕೂ ಒಂದೊಂದು ಉಪಾಯ ಹುಡುಕುತ್ತಿದ್ದೆ. 1+2+1 ಅಂದ್ರೆ 4, 1+3+3+1 ಅಂದ್ರೆ 8, ಮುಂದಿನದು 16. ಪ್ರತಿ ಮೊತ್ತವೂ ಹಿಂದಿನದರ ಎರಡರಷ್ಟು. ಇಲ್ಲಿ ಈ ನಂಟು ಕಣ್ಣಿಗೇ ಕಾಣುತ್ತೆ. ಜಟಿಲ ಮೊತ್ತಗಳಲ್ಲಿ ಕಾಣಲ್ಲ. ಅಂಥ ನಂಟನ್ನು ಮೊತ್ತದೊಳಗಿನ ಬಿಡಿ ಪದಗಳಿಂದಲೇ, ಒಂದಷ್ಟು ಸಮೀಕರಣ ಬಿಡಿಸಿ ಹೊರತೆಗೆಯುವ ಕ್ರಮ ಸೆಲೀನ್ ಅವರದು. ಹೊಸ ಹೊಳಹು ಬೇಕಿಲ್ಲ, ಹೆಜ್ಜೆ ತಪ್ಪದಿದ್ದರೆ ಸಾಕು. ಕಂಪ್ಯೂಟರಿಗೆ ಹೇಳಿ ಮಾಡಿಸಿದ ಕೆಲಸ.

1947 ಮತ್ತು 1949ರಲ್ಲಿ ಎರಡು ಪ್ರಬಂಧ ಪ್ರಕಟಿಸಿದರು. ಸಂಶೋಧನೆ ಅಲ್ಲಿಗೇ ನಿಂತಿತು. ಮರ್ಸಿಹರ್ಸ್ಟ್‌ಗೆ ಮರಳಿ ಜೀವನವಿಡೀ ಪಾಠ ಮಾಡಿದರು. ಗುರು ಅರ್ಲ್ ರೇನ್‌ವಿಲ್ 1960ರ ತಮ್ಮ ಪುಸ್ತಕದಲ್ಲಿ ಈ ಕ್ರಮವನ್ನು ವಿವರಿಸಿದ್ದರು. 1982ರಲ್ಲಿ ಡೊರಾನ್ ಝೈಲ್‌ಬರ್ಗರ್ ಅದನ್ನೇ ವಿಸ್ತರಿಸಿ ಬರೆದ ಮೇಲೆ ಅದರ ಬಲ ಗೊತ್ತಾಯಿತು. ಇಂಥ ಸೂತ್ರಗಳನ್ನು ಕಂಪ್ಯೂಟರೇ ಸಾಧಿಸಿ ತೋರಿಸುವ ವಿದ್ಯೆ ಆ ಬುಡದಿಂದ ಬೆಳೆಯಿತು. 1996ರಲ್ಲಿ ಆ ವಿದ್ಯೆಯ ಬಗ್ಗೆ ಬಂದ ಪುಸ್ತಕದಲ್ಲಿ ಸೆಲೀನ್ ಹೆಸರಿನದೇ ಒಂದು ಅಧ್ಯಾಯವಿದೆ. ಅದೇ ಡಿಸೆಂಬರ್‌ನಲ್ಲಿ, 90ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಪಾಠ ಮಾಡೋದು ಕೀಳು ಅಂತ ನಾನು ಹೇಳ್ತಿಲ್ಲ. ಓದಿಸಿದ ಸಂಘದ ಋಣವೂ ದೊಡ್ಡದೇ. ಆದರೆ ಓದಿಸಿದ್ದು ಪಾಠ ಮಾಡಲಿ ಅಂತ. ಹೊಸದನ್ನು ಹುಡುಕಲಿ ಅಂತಲ್ಲ. ನಮ್ಮಲ್ಲಿ ಅಷ್ಟೂ ಇಲ್ಲ. ಸಂಡೂರು, ಕಂಪ್ಲಿಯಂಥ ಊರುಗಳ ಹುಡುಗರು ಓದುವ ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಕೆಲಸವೇ ಖಾತ್ರಿಯಿಲ್ಲ. ಅವರಲ್ಲೂ ಪಿಎಚ್‌ಡಿ ಮಾಡಿದವರಿದ್ದಾರೆ. ಸಂಶೋಧನೆ ಯಾಕೆ ಮಾಡಲಿಲ್ಲ ಅಂತ ಅವರನ್ನು ಕೇಳುವ ಮೊದಲು, ಅದಕ್ಕೆ ಬೇಕಾದ ಸಂಬಳ, ಪುರುಸೊತ್ತು ಕೊಟ್ಟಿದ್ದೀರಾ ಅಂತ ಸರ್ಕಾರವನ್ನು ಕೇಳಬೇಕು.